ಮಗನ ಹೆಸರಿನ ಹೊಲ

ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ಗೆ ನಾನು ಹೋಗುವುದು ಬಾಳೆಹೂವಿಗಾಗಿ. ಅಲ್ಲಿನ ವಿಯೆಟ್ನಾಂ ಅಂಗಡಿಗಳಲ್ಲಿ ಒಳ್ಳೆಯದು ಸಿಗುತ್ತದೆ. ಹೋದ ಶನಿವಾರ ಮಗಳೂ ಬಂದಿದ್ದಳು. ವಾಪಸ್ ಬರುವಾಗ ಮೆಂಡೆಜ್ ಸ್ಮಾರಕ ಪಾರ್ಕಿನ ಹತ್ತಿರ ಕಾರು ನಿಲ್ಲಿಸಿದೆ.

"ಯಾರಮ್ಮ ಈ ಮೆಂಡೆಜ್?" ಅಂದಳು.

ಸಿಲ್ವಿಯಾ ಮೆಂಡೆಜ್ ಕತೆ ಹೇಳಿದೆ. ಅವಳ ಸೋದರತ್ತೆ ಎರಡೂ ಮನೆಯ ಮಕ್ಕಳನ್ನೆಲ್ಲ ಬಿಳಿಯರ ಮಕ್ಕಳ ಶಾಲೆಗೆ ಸೇರಿಸಲು ಹೋದರು. ಬೆಳ್ಳಗಿದ್ದ ಅತ್ತೆಯ ಮಕ್ಕಳಿಗೆ ಜಾಗ ಸಿಕ್ಕಿತು. ಕಂದುಬಣ್ಣದ ಸಿಲ್ವಿಯಾ, ಅವಳ ತಮ್ಮಂದಿರಿಗೆ ಮೆಕ್ಸಿಕನ್ ಮಕ್ಕಳ ಶಾಲೆ ತೋರಿಸಿದರು. ಅಪ್ಪ ಗೊನ್ಸಾಲೊ ಸುಮ್ಮನಿರಲಿಲ್ಲ. ಇನ್ನೂ ನಾಲ್ಕು ಕುಟುಂಬಗಳ ಜೊತೆ 1945ರಲ್ಲಿ ಕೇಸ್ ಹಾಕಿದರು. 1946ರಲ್ಲಿ ಗೆದ್ದರು. 1947ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

"ಲಾಯರ್‌ಗೆ ದುಡ್ಡು?"

ಲೆಕ್ಕ ಕೇಳೋದು ಅವಳಿಗೆ ಅಪ್ಪನಿಂದ ಬಂದದ್ದು. ಆದರೆ ಪ್ರಶ್ನೆ ಸರಿಯಾಗಿತ್ತು.

ದುಡ್ಡು ಬಂದದ್ದು ಹೊಲದಿಂದ. ಹೊಲ ಮೆಂಡೆಜ್ ಅವರದ್ದಲ್ಲ, ಮುನೆಮಿತ್ಸು ಅನ್ನೋ ಜಪಾನಿ ಕುಟುಂಬದ್ದು. 40 ಎಕರೆ, ಆಸ್ಪರಾಗಸ್ ಅನ್ನೋ ತರಕಾರಿ ಬೆಳೆಯುತ್ತಿದ್ದರು. ಜಪಾನಿನಿಂದ ಬಂದವರು ಜಮೀನು ಕೊಳ್ಳುವಂತಿಲ್ಲ ಅಂತ 1913ರಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿತ್ತು. ಹಾಗಾಗಿ ಸೈಮಾ ಮುನೆಮಿತ್ಸು ಇಲ್ಲೇ ಹುಟ್ಟಿದ ಮಗ ಸೈಕೋ ಹೆಸರಲ್ಲಿ ಕೊಂಡಿದ್ದರು. ನಮ್ಮಲ್ಲೂ ಹೆಂಡತಿ, ಮಕ್ಕಳ ಹೆಸರಲ್ಲಿ ಆಸ್ತಿ ಮಾಡುತ್ತಾರೆ, ಕಾರಣಗಳು ಮಾತ್ರ ಬೇರೆ! ಎರಡನೇ ಮಹಾಯುದ್ಧದಲ್ಲಿ ಜಪಾನ್ ವೈರಿದೇಶವಾದ ಮೇಲೆ, 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ಸಾಗಿಸಿತು. ಇವರ ಮನೆಯವರಿಗೆ ಅರಿಜೋನಾ ಮರುಭೂಮಿಯ ಪೋಸ್ಟನ್ ಶಿಬಿರ. ಹೊಲವನ್ನು ಮೆಂಡೆಜ್ ಕುಟುಂಬಕ್ಕೆ ಗೇಣಿಗೆ ಕೊಟ್ಟರು. ಗೇಣಿ ಕಳೆದು ಉಳಿದದ್ದು ಕೋರ್ಟಿನ ಖರ್ಚಿಗಾಯಿತು.

ಶಾಲೆಯ ಕೇಸಿಗೆ ನೆರವಾಗಬೇಕು ಅಂತ ಮುನೆಮಿತ್ಸು ಮನೆಯವರು ಹೊಲ ಕೊಟ್ಟಿದ್ದಲ್ಲ ಬಿಡಿ. ಅವರಿಗೆ ಬೇಕಿದ್ದದ್ದು ಹೊಲ ಉಳಿಯುವುದು. ಮುಳ್ಳುತಂತಿಯ ಒಳಗೆ ಸಿಕ್ಕಿಕೊಂಡವರ ಮಣ್ಣಿನಲ್ಲಿ ಬೇರೆಯವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು ಅನ್ನೋದು ಮಾತ್ರ ನನ್ನನ್ನು ಬಿಡುತ್ತಿಲ್ಲ.

"ವಾಪಸ್ ಬಂದಾಗ ಹೊಲ ಇತ್ತಾ?"

ಇತ್ತು. ಅಂಥ ಎಷ್ಟೋ ಕುಟುಂಬಗಳಿಗೆ ಇರಲಿಲ್ಲ. ಇವರು ಬಂದಾಗ ಗೇಣಿಯ ಅವಧಿ ಇನ್ನೂ ಮುಗಿದಿರಲಿಲ್ಲ. ಅದು ಮುಗಿಯುವ ತನಕ ಎರಡೂ ಮನೆಯವರು ಅದೇ ಹೊಲದಲ್ಲಿ ಒಟ್ಟಿಗೆ ದುಡಿದರು.