ನಮ್ಮವ್ವ ಕೇಸರಿ ಹಾಲು ಕುಡಿದಿರಲಿಲ್ಲ

ಹೌದು, ನಾನು ಹುಟ್ಟಿನಿಂದಲೇ ಹೀಗೆ. ಕೂದಲು, ಹುಬ್ಬು, ರೆಪ್ಪೆ ಎಲ್ಲಾ ಬಿಳಿ. ಇದಕ್ಕೆ ಆಲ್ಬಿನಿಸಂ ಅಂತಾರೆ. ತೊನ್ನಲ್ಲ. ತೊನ್ನಿನಲ್ಲಿ ಇದ್ದ ಬಣ್ಣ ಆಮೇಲೆ ಹೋಗುತ್ತದೆ, ನನಗೆ ಬಣ್ಣ ಬಂದೇ ಇಲ್ಲ. ಎರಡೂ ಅಂಟುವ ರೋಗವಲ್ಲ, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ನಿಂತುಕೊಳ್ಳಬೇಡಿ.

"ಯಾಕ ಹಿಂಗ ಬೆಳ್ಳಗದೀರಿ?" ಅಂದರೆ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಆದರೆ ಹೋದ ಫೆಬ್ರವರಿಯಲ್ಲಿ ಗದಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದ್ದೇ ಬೇರೆ. "ನಿಮ್ಮವ್ವ ಬಸುರಿದ್ದಾಗ ಕೇಸರಿ ಹಾಲು ಭಾಳ ಕುಡದಿದ್ಲೇನು?"

ನಮ್ಮವ್ವ ಆಗ ಹೊಲದಲ್ಲಿ ಶೇಂಗಾ ಕೀಳುತ್ತಿದ್ದಳು ಸ್ವಾಮಿ, ಕೇಸರಿಯನ್ನು ಕಣ್ಣಿಂದಲೂ ಕಂಡವಳಲ್ಲ. ಗ್ರಹಣ ನೋಡಿದ್ಲು, ಅದು ತಿಂದ್ಲು, ಇದು ತಿಂದ್ಲು ಅಂತ ಊರವರು ಅವಳನ್ನು ಅಳಿಸಿದ್ದು ಸಾಲದಾ? ಅಲ್ಲೇ ನಿಂತು ಪಾಠ ಮಾಡಿದೆ. ಬಣ್ಣ ಕೊಡೋದು ಮೆಲನಿನ್. ಅದಕ್ಕೆ ಬೇಕಾದ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ನನ್ನ ಹಾಗೆ. ಒಂದು ಚಲೋ ಇದ್ದರೂ ಸಾಕು, ನಮ್ಮ ಅಪ್ಪ ಅವ್ವ ಇಬ್ಬರೂ ಕಪ್ಪಗಿರೋದು ಅದಕ್ಕೇ. ಹೀಗೆ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸುರಿನಲ್ಲೂ 4ರಲ್ಲಿ 1 ಪಾಲು ಇಂಥ ಮಗು ಹುಟ್ಟಬಹುದು. ನಮ್ಮಪ್ಪ ನಮ್ಮವ್ವನಿಗೆ ಸ್ವಂತ ಸೋದರಮಾವ, ಹತ್ತಿರದ ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇರುವ ಸಾಧ್ಯತೆ ಜಾಸ್ತಿ. ಗೋವಿನಜೋಳದ ಸಾಲಿನಲ್ಲೂ ಒಮ್ಮೊಮ್ಮೆ ಒಂದು ಸಸಿ ಪೂರ್ತಿ ಬೆಳ್ಳಗೆ ಏಳುತ್ತದೆ. ಅದರಲ್ಲಿ ಹಸಿರೇ ಇಲ್ಲ, ಕಾಳಿನೊಳಗಿನ ಹಿಟ್ಟು ತೀರಿದ ಮೇಲೆ ಪಾಪ ಒಣಗಿ ಹೋಗುತ್ತದೆ. ಅದಕ್ಕೆ ಯಾರು ಕೇಸರಿ ಹಾಲು ಕುಡಿಸಿದ್ದರು?

ಪಾಠ ಮುಗಿಯುವಷ್ಟರಲ್ಲಿ ಲಕ್ಷ್ಮೇಶ್ವರದ ಬಸ್ಸು ಹೋಗಿತ್ತು. ನನ್ನೆದುರಿಗೇ ನಿಂತಿತ್ತಂತೆ!

ಇದನ್ನು ಮಾತ್ರ ಯಾರೂ ಕೇಳುವುದಿಲ್ಲ ನೋಡಿ. ನನಗೆ ಬಣ್ಣದ್ದಕ್ಕಿಂತ ಕಣ್ಣಿನ ತೊಂದರೆ ಜಾಸ್ತಿ. ಮೆಲನಿನ್ ಕೊರತೆಯಾದರೆ ಕಣ್ಣಿನ ಪರದೆಯ ನಡುಭಾಗ ಸರಿಯಾಗಿ ಬೆಳೆಯುವುದಿಲ್ಲ, ಚಷ್ಮಾ ಹಾಕಿದರೂ ದೂರದ್ದು ಮಸುಕು. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅಲುಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡಲಿಕ್ಕೇ ಆಗಲ್ಲ. ಬೋರ್ಡ್ ಓದಬೇಕೆಂದರೆ ಬಸ್ಸಿನ ಮೂತಿಗೆ ಮುಖ ಹಚ್ಚಬೇಕು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಬಾರಿಸುತ್ತಾನೆ.

ಅವತ್ತು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಶಾಲೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂತಳು. ನಾನು ಎದ್ದು ಎದ್ದು ಹೋಗಿ ಬರೋದನ್ನು ನೋಡಿ, "ಅಕ್ಕಾ, ಯಾವ ಬಸ್ಸು ನೋಡ್ಲಿ?" ಅಂದಳು. ಊರ ಹೆಸರು ಹೇಳಿದೆ. ಅರ್ಧ ತಾಸಾದ ಮೇಲೆ ತೋಳು ಜಗ್ಗಿ, "ಇದ ನೋಡ್ರಿ, ಹತ್ರಿ ಲಗೂನ" ಅಂದಳು.