ಸ್ಟಾಫ್ ರೂಮಿನಲ್ಲಿ ಬಿದ್ದ ಏಟು

ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನ ಜವಾಬ್ದಾರಿ ನನ್ನದಿತ್ತು. ಆಷಾಢದಲ್ಲಿ ಒಬ್ಬ ತಾಯಿ ಬಂದು ಅತ್ತುಬಿಟ್ಟರು. ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಇವರ ಮಗನ ಕೊಡೆ ಕಸಿದುಕೊಂಡು, ಬಸ್ ಸ್ಟಾಪಿನಿಂದ ಶಾಲೆಯವರೆಗೆ ಮಳೆಯಲ್ಲಿ ನೆನೆಸಿಕೊಂಡೇ ನಡೆಸುತ್ತಾನಂತೆ. ಒಂದು ವಾರದಿಂದ ಹೀಗೇ. ನಾನು ಹಿಂದೆಮುಂದೆ ನೋಡದೆ ಆ ಹುಡುಗನ ಅಪ್ಪನಿಗೆ ಫೋನ್ ಮಾಡಿ 'ಈಗಲೇ ಬನ್ನಿ' ಅಂದೆ.

ಅವರು ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ತೆಗೆಯುವ, ಔಷಧಿ ಹೊಡೆಯುವ ಕೆಲಸ. ನಾಲ್ಕು ದಿನ ಬಿಡದೆ ಹೊಡೆದ ಮಳೆ ಅವತ್ತು ಹೊಳವಾಗಿತ್ತು. ಕೊಳೆರೋಗದ ಔಷಧಿ ಹೊಡೆಯಲು ಅಂಥ ದಿನ ಎಷ್ಟು ಸಿಗುತ್ತವೆ ಅಂತ ಅಡಿಕೆ ತೋಟ ಇದ್ದವರಿಗೆ ಹೇಳಬೇಕಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಕದಡಿಟ್ಟ ಡ್ರಮ್ಮನ್ನು ಹಾಗೇ ಬಿಟ್ಟು ಬಂದಿದ್ದರು. ಅದನ್ನು ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬರುವುದಿಲ್ಲ. ಉಗುರಿನ ಸಂದಿಯಲ್ಲೆಲ್ಲ ನೀಲಿ. ಕೂರಿ ಅಂತ ಕೂಡ ನಾನು ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಟೀಚರ್, ಆ ತಾಯಿ, ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತ ಇಬ್ಬರು ಮಕ್ಕಳು. ಎಲ್ಲರ ಎದುರಿಗೇ 'ನಿಮ್ಮ ಮಗ ಸಣ್ಣ ಹುಡುಗರಿಗೆ ಕಾಟ ಕೊಡ್ತಾನೆ' ಅಂದೆ. ಮಾತು ಮುಗಿಯುವುದರೊಳಗೆ ಹುಡುಗನ ಕೆನ್ನೆಗೆ ಬಿತ್ತು.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಪ್ರತಿ ತರಬೇತಿಯಲ್ಲೂ ಇದನ್ನು ಕೇಳಿ ತಲೆಯಾಡಿಸಿ ಬಂದವನು ನಾನು. ಅವತ್ತು ಕೈ ಅವರದ್ದು, ಏರ್ಪಾಡು ನನ್ನದು.

ಆ ತಾಯಿ 'ಟಿಸಿ ಕೊಟ್ಟು ಕಳಿಸಿ ಸರ್' ಅಂತ ಪಟ್ಟು ಹಿಡಿದರು. ಅವರ ಸಂಕಟ ಸುಳ್ಳಲ್ಲ. ಆದರೆ ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೆಡ್ ಮಾಸ್ಟರು ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಎರಡು ಪೀರಿಯಡ್ ಹೋಯಿತು.

ಹುಡುಗ ಶಾಲೆಯೊಳಗೆ ಸುಮ್ಮನಾದ. ಹತ್ತು ದಿನ ಕಳೆದ ಮೇಲೆ ಅದೇ ಸಣ್ಣ ಹುಡುಗನ ಬ್ಯಾಗು ರಸ್ತೆ ಪಕ್ಕದ ಚರಂಡಿಯಲ್ಲಿ ಸಿಕ್ಕಿತು. ಯಾರು ಎಸೆದರೆಂದು ಕಂಡವರಿಲ್ಲ. ಅಪ್ಪನಿಗೆ ಮತ್ತೆ ಫೋನ್ ಮಾಡಿದರೆ, 'ಹೊಡ್ದಾಯ್ತಲ ಮೇಷ್ಟ್ರೇ, ಇನ್ನೆಂತ ಮಾಡ್ಬೇಕು ನಾನು?' ಅಂತ ಇಟ್ಟರು. ಅವರ ಮಟ್ಟಿಗೆ ಲೆಕ್ಕ ಚುಕ್ತಾ. ಇಷ್ಟೆಲ್ಲ ಆಗುವಾಗ ಆ ಹುಡುಗನಿಗೆ ನಾನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಹೋದ ವರ್ಷ ಇನ್ನೊಂದು ದೂರು ಬಂತು, ಈ ಸಲ ಹುಡುಗಿಯರದ್ದು. ಬಿಸಿಯೂಟಕ್ಕೆ ಕೂತಾಗ ಒಬ್ಬಳ ಪಕ್ಕ ಯಾರೂ ಕೂರಬಾರದು ಅಂತ ಇನ್ನೊಬ್ಬಳು ಕಟ್ಟುಮಾಡಿದ್ದಾಳೆ ಅಂತ. ಈ ಸಲ ನನಗೆ ಅವಸರ ಇರಲಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಯಾವ ದಿನ, ಎಲ್ಲಿ, ಯಾರು ನೋಡಿದ್ದು ಅಂತ ಬರೆದುಕೊಂಡೆ. ಎದುರುಬದುರು ನಿಲ್ಲಿಸಿ 'ಸಾರಿ ಹೇಳು' ಅನ್ನುವ ನಾಟಕ ಬೇಡ ಅನ್ನಿಸಿತು. ಆ ನಾಟಕದಲ್ಲಿ ನಡುಗುವುದು ಯಾವಾಗಲೂ ಪೆಟ್ಟು ತಿಂದ ಮಗುವೇ. ಆಮೇಲೆ ಕಟ್ಟುಮಾಡಿದ ಹುಡುಗಿಯ ತಾಯಿಗೆ ಫೋನ್ ಮಾಡಿ, 'ಗಾಬರಿ ಆಗ್ಬೇಡಿ, ಕೂತು ಮಾತಾಡೋ ವಿಷಯ, ನಿಮಗೆ ಯಾವ ಬಸ್ಸಿಗೆ ಅನುಕೂಲ?' ಅಂತ ಕೇಳಿದೆ. ಲ್ಯಾಬಿನಲ್ಲಿ ಎರಡು ಸ್ಟೂಲು, ಮಧ್ಯ ಮೇಜಿಲ್ಲ.

'ನಿಮ್ಮ ಮಗಳು ಹೀಗೆ' ಅನ್ನಲಿಲ್ಲ. 'ಮಂಗಳವಾರ ಊಟದ ಹೊತ್ತಿಗೆ ಹೀಗಾಯ್ತು' ಅಂತ ಚೀಟಿಯಲ್ಲಿದ್ದ ನಾಲ್ಕು ಸಂಗತಿ ಓದಿದೆ. ಅವರು ಮೊದಲು ಸಿಡುಕಿದರು: 'ನಮ್ ಹುಡ್ಗಿ ಅಂಥವ್ಳಲ್ಲ ಸರ್. ಅವ್ಳನ್ ಕಂಡ್ರಾಗ್ದೋರು ಯಾರೋ ಹೇಳಿದ್ದು.' ನಾನು ವಾದಕ್ಕೆ ಹೋಗಲಿಲ್ಲ. ಮಗಳ ಮೇಲಿನ ದೂರು ತಾಯಿಗೆ ತನ್ನ ಮೇಲಿನ ದೂರಿನ ಹಾಗೇ ಕೇಳುತ್ತದೆ. ಮನೆಗೆ ಹೋಗಿ 'ಯಾಕೆ ಮಾಡಿದೆ' ಅಂತ ಕೇಳಬೇಡಿ, 'ಅವತ್ತು ಎಂತಾಯ್ತು' ಅಂತ ಕೇಳಿ, ಹೊಡೆಯಬೇಡಿ ಅಂತಷ್ಟೇ ಹೇಳಿ ಚೀಟಿಯ ನಕಲು ಕೊಟ್ಟೆ.

ಮರುದಿನ ರಾತ್ರಿ ಅವರೇ ಫೋನ್ ಮಾಡಿದರು. ನಾಲ್ಕರಲ್ಲಿ ಮೂರು ನಿಜವಂತೆ. ಒಂದು ಇವಳದ್ದಲ್ಲ, ಬೇರೆಯವಳು ಮಾಡಿ ಇವಳ ತಲೆಗೆ ಕಟ್ಟಿದ್ದು. ನಮ್ಮ ಚೀಟಿಯಲ್ಲೇ ಇಲ್ಲದ ಐದನೆಯದೊಂದನ್ನು ಮಗಳೇ ಬಾಯಿಬಿಟ್ಟಿದ್ದಳು. ಅದನ್ನು ಹೇಳುವಾಗ ಆ ತಾಯಿಯ ದನಿ ತಗ್ಗಿತ್ತು.

ಎಲ್ಲದಕ್ಕೂ ಸ್ಟೂಲು ಹಾಕಿ ಕೂತರೆ ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಕೆಟ್ಟ ಉದ್ದೇಶದಿಂದ ಮೈ ಮುಟ್ಟಿದ ವಿಷಯವಾದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಅದು ನಮ್ಮ ನಮ್ಮಲ್ಲಿ ಮುಗಿಸಿಕೊಳ್ಳುವ ಮಾತಲ್ಲ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಆ ಕೊನೆಗಾರರ ಮನೆಗೆ ದೀಪಾವಳಿ ಕಳೆದ ಮೇಲೆ ಒಮ್ಮೆ ಹೋಗಿದ್ದೆ. ಅವತ್ತು ಎಲ್ಲರೆದುರು ಹೇಳಿದ್ದು ತಪ್ಪಾಯಿತು ಅಂದೆ. 'ಇರ್ಲಿ ಬಿಡಿ ಮೇಷ್ಟ್ರೇ' ಅಂದು ಚಾ ಕೊಟ್ಟು, ಆ ವರ್ಷದ ಕೊಳೆಯ ಬಗ್ಗೆ ಮಾತಾಡಿದರು. ಹುಡುಗ ಒಳಗೇ ಇದ್ದ, ಹೊರಗೆ ಬರಲಿಲ್ಲ. ಈಗ ಹತ್ತನೇ ಕ್ಲಾಸು, ಕಿಟಕಿ ಪಕ್ಕ ಕೂರುತ್ತಾನೆ. ಲೆಕ್ಕ ಕೇಳಿದರೆ ಎದ್ದು ಸರಿಯಾಗೇ ಹೇಳುತ್ತಾನೆ. ನನ್ನ ಮುಖ ಮಾತ್ರ ನೋಡುವುದಿಲ್ಲ.