ಗ್ರಾವೆಲ್ಲೋ, ಎಂಟಿಬಿಯೋ: ಪುಷ್ಯ ಮಳೆಗೆ ಎರಡನೇ ಹ್ಯಾಂಗರ್ ಬಲಿ

ಮತ್ತೆ ಗ್ರಾವೆಲ್ ಸೈಕಲ್ಲಿನ ಹ್ಯಾಂಗರ್ ಮುರಿಯಿತು. ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು ಅದು. ಈ ಮಳೆಗಾಲದಲ್ಲಿ ಇದು ಎರಡನೆಯದು.

ಸಕಲೇಶಪುರ ಕಡೆಯ ಹಾನುಬಾಳಿನ ಹತ್ತಿರ ಗೆಳೆಯನ ಕಾಫಿ ತೋಟದ ಜೀಪ್ ದಾರಿ. ಬೆಳಿಗ್ಗೆಯಿಂದ ಜಡಿಯುತ್ತಿದ್ದ ಮಳೆ ಎರಡು ಗಂಟೆ ಬಿಡುವು ಕೊಟ್ಟಿತ್ತು. ಸದ್ಯ ನಿಂತಿತಲ್ಲ ಎಂದು ಖುಷಿಯಾಗಿ ಹೊರಟೆ. ಅದೇ ತಪ್ಪಾಯಿತು. ಹಿಂದಿನ ಚಕ್ರ ಮೊದಲು ಗೊರಗೊರ ಅಂದಿತು, ಆಮೇಲೆ ಎಳೆಯತೊಡಗಿತು. ಹಟಕ್ಕೆ ಇನ್ನೊಮ್ಮೆ ಪೆಡಲ್ ತುಳಿದೆ. ಟಕ್! ಹಿಂದಿನ ಡಿರೇಲರ್ ಸತ್ತ ಏಡಿಯ ಹಾಗೆ ಚೈನಿಗೆ ಜೋತುಬಿದ್ದಿತ್ತು. ಚೈನ್ ಕತ್ತರಿಸಿ ಸಿಂಗಲ್ ಸ್ಪೀಡ್ ಮಾಡಿಕೊಂಡು ಮನೆ ಸೇರಬಹುದಿತ್ತಲ್ಲ ಅಂತೀರಿ. ಚಕ್ರವೇ ತಿರುಗದಿದ್ದರೆ ಎಷ್ಟು ಸ್ಪೀಡ್ ಇದ್ದು ಏನು ಉಪಯೋಗ? ಐದು ಕಿಲೋಮೀಟರ್ ಹೆಗಲ ಮೇಲೆ ಹೊತ್ತುಕೊಂಡು ಬಂದೆ. ಜೊತೆಗೆ ಇಂಬಳಗಳೂ ಬಂದವು, ಕಾಲಿಗೆ ಹತ್ತಿಕೊಂಡು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಆಗಸ್ಟ್ ಕೊನೆಯಲ್ಲಿ, ಅಂದರೆ ಮಖೆ ಮಳೆಯಲ್ಲಿ, ನಾವು ಹತ್ತು ಹನ್ನೆರಡು ಜನ ಸೇರಿ 110 ಕಿಲೋಮೀಟರ್ ಓಡಿಸುತ್ತೇವೆ. ಬಹುಮಾನ ಒಂದು ಕೆಜಿ ಕಾಫಿ ಪುಡಿ. ಮರ್ಯಾದೆ ಮಾತ್ರ ಅದಕ್ಕಿಂತ ದೊಡ್ಡದು. ಅರ್ಧಕ್ಕಿಂತ ಜಾಸ್ತಿ ಟಾರು, ಉಳಿದದ್ದು ಜಲ್ಲಿ ಮತ್ತು ಕೆಸರು. ಕಾಗದದ ಮೇಲೆ ನೋಡಿದರೆ ಟಾರು, ಜಲ್ಲಿ ಎರಡಕ್ಕೂ ಆಗುವ ಗ್ರಾವೆಲ್ ಬೈಕೇ ಸರಿ, ಅಲ್ವಾ? ಹೋದ ವರ್ಷ ಹಾಗೆಂದೇ ಸಾಲ ಮಾಡಿ ತಂದೆ. ಹಳೆಯ ಹಾರ್ಡ್‌ಟೇಲ್ ಎಂಟಿಬಿ, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್, ಸೌದೆ ಕೊಟ್ಟಿಗೆ ಸೇರಿತು.

ಆರಿದ್ರಾ ಮಳೆಯಲ್ಲಿ ಮೊದಲ ಹ್ಯಾಂಗರ್ ಹೋದಾಗ ಎರಡನ್ನೂ ತೂಗಿ ನೋಡೋಣ ಅನಿಸಿತು. ತೋಟದಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿ ಈಗ ಸುಮ್ನೆ ನೇತಾಡುತ್ತಿರುತ್ತದೆ, ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳು. ತೋಟದ ಲೆಕ್ಕ ಬರೆಯುವ ರೈಟರ್ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಒಣಗಿದ್ದಾಗ ಗ್ರಾವೆಲ್ 10.3 ಕೆಜಿ, ಎಂಟಿಬಿ 12.9. ತೋಟದ ದಾರಿಯಲ್ಲಿ ಏಳು ಕಿಲೋಮೀಟರ್ ಸುತ್ತು ಮುಗಿಸಿ ಬಂದ ಮೇಲೆ ಗ್ರಾವೆಲ್ 15.2, ಎಂಟಿಬಿ 15.4. ರೈಟರ್ ಎರಡು ಸಲ ನೋಡಿ, "ಸರ್, ನೀವು ಮಣ್ಣು ಕೊಯ್ದುಕೊಂಡು ಬಂದಿದ್ದೀರಿ" ಅಂದರು. ಎರಡೂವರೆ ಕೆಜಿ ಉಳಿಸೋಕೆ ನಾನು ಕೊಟ್ಟ ಸಾಲದ ಕಂತುಗಳೆಲ್ಲ ಏಳು ಕಿಲೋಮೀಟರಿನಲ್ಲಿ ತೊಳೆದುಹೋದವು.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಳೆ ಧೋ ಎಂದು ಸುರಿಯುವಾಗ ತೊಂದರೆ ಕಮ್ಮಿ. ಕೆಸರು ತೆಳುವಾಗಿರುತ್ತದೆ, ಹತ್ತಿದ್ದು ನೀರಿನಲ್ಲೇ ಇಳಿದುಹೋಗುತ್ತದೆ. ಮಳೆ ನಿಂತು ಒಂದೆರಡು ಗಂಟೆಗೆ ಕಜ್ಜಾಯದ ಹಿಟ್ಟಿನ ಹದಕ್ಕೆ ಬರುತ್ತದಲ್ಲ, ಆಗ ಶುರು. ಅದರ ಮೇಲೆ ತೋಟದ ಸಿಲ್ವರ್ ಓಕ್ ಎಲೆ ಬೇರೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದ ಹಾಗೆ ಆ ಎಲೆ ಕೆಸರನ್ನು ಹಿಡಿದು ಕಟ್ಟುತ್ತದೆ. ಬೆರಳು ಹಾಕಿ ಎಳೆದರೂ ಕೀಳುವುದಿಲ್ಲ.

ಎಣ್ಣೆ ಪ್ರಯೋಗ ಆಯಿತು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ ತಾನೆ? ಚೈನ್‌ಸ್ಟೇಗೆ, ಅಂದರೆ ಹಿಂದಿನ ಚಕ್ರದ ಎರಡೂ ಪಕ್ಕ ಹೋಗುವ ಫ್ರೇಮಿನ ಕೆಳಗಿನ ಕೊಳವೆಗಳಿಗೆ, ಕೊಬ್ಬರಿ ಎಣ್ಣೆ ಸವರಿದೆ. ಮೊದಲ ಮೂರು ಕಿಲೋಮೀಟರ್ ಅದ್ಭುತ. ಆಮೇಲೆ ಎಣ್ಣೆ ಹೇಗೋ ಬ್ರೇಕ್ ಹಿಡಿಯುವ ತಟ್ಟೆಯನ್ನು, ಅಂದರೆ ರೋಟರನ್ನು, ತಲುಪಿತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸಂತೆಯಲ್ಲಿ ಹಂದಿ ಕಿರುಚಿದ ಹಾಗೆ ಸದ್ದು, ಬೈಕ್ ಮಾತ್ರ ನಿಲ್ಲಲಿಲ್ಲ. ಕಾಫಿ ಗಿಡ ನಿಲ್ಲಿಸಿತು. ಪ್ಯಾಡ್ ಎಸೆದೆ. ಹೇಗೂ ರೆಸಿನ್ ಪ್ಯಾಡ್ ಇಂಥ ಮರಳು ಕೆಸರಿನಲ್ಲಿ ಬಳಪದ ಹಾಗೆ ಸವೆಯುತ್ತದೆ, ಈಗ ಮೆಟಲ್ ಪ್ಯಾಡಿಗೆ ಹೋಗಿದ್ದೇನೆ.

ಅಮೆರಿಕದ ಕ್ಯಾನ್ಸಸ್‌ನಲ್ಲಿ ನಡೆಯುವ ಅನ್‌ಬೌಂಡ್ ಗ್ರಾವೆಲ್ 320 ಕಿಲೋಮೀಟರ್ ಓಟ. 2023ರಲ್ಲಿ ಅಲ್ಲೂ ಶುರುವಿನಲ್ಲೇ ಇಂಥದೇ ಅಂಟು ಮಣ್ಣು ಸಿಕ್ಕಿ, ದೊಡ್ಡ ದೊಡ್ಡ ರೇಸರ್‌ಗಳೇ ಬೈಕ್ ಹೊತ್ತು ನಡೆದರು. ಬಣ್ಣ ಕಲಸುವ ಕಡ್ಡಿಯಿಂದ ಕೆಸರು ಕೆರೆಯುವುದು ಅಲ್ಲಿಯ ಪದ್ಧತಿ. ನಮಗೆ ಬಿದಿರು ಚಕ್ಕೆ ಇದೆ. ಆದರೆ ಇನ್ನೂರು ಮೀಟರಿಗೊಮ್ಮೆ ಇಳಿದು ಕೆರೆಯುತ್ತಾ ಕೂತರೆ ಅದು ರೇಸ್ ಅಲ್ಲ, ಪಾತ್ರೆ ತೊಳೆಯುವ ಕೆಲಸ.

ಆಮೇಲೆ ಅಳತೆಗೆ ಇಳಿದೆ. ಗ್ರಾವೆಲ್ ಟೈರ್ ಮೇಲೆ ಬರೆದಿರುವ ಅಗಲ 42 ಮಿಮೀ. ನನ್ನ ರಿಮ್ ಒಳಗೆ 25 ಮಿಮೀ ಅಗಲ ಇರುವುದರಿಂದ ವರ್ನಿಯರ್ ಹಿಡಿದರೆ 43.6. ಟೈರಿಗೂ ಚೈನ್‌ಸ್ಟೇಗೂ ನಡುವೆ 5 ಮಿಮೀ ದಪ್ಪದ ಆಲನ್ ಕೀ ಹೋಗುತ್ತದೆ, 6 ಹೋಗುವುದಿಲ್ಲ. 45ರವರೆಗೆ ಹಿಡಿಯುತ್ತದೆ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ್ದ. ಟೈರೇನೋ ಹಿಡಿಯುತ್ತದೆ ಮಾರಾಯ, ಮಣ್ಣಿಗೆ ಜಾಗ ಎಲ್ಲಿ?

ಹಾಗಾಗಿ ಸಣ್ಣ ಟೈರ್. ಕೆಸರಿನಲ್ಲಿ ರೇಸ್ ಓಡಿಸುವ ಸೈಕ್ಲೋಕ್ರಾಸ್‌ನವರ 33ರ ಮಡ್ ಟೈರ್ ತಂದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮದಲ್ಲಿ ಅವರಿಗೆ ಅದಕ್ಕಿಂತ ದಪ್ಪ ಹಾಕಲು ಬಿಡುವುದಿಲ್ಲ. ಈಗ 8ರ ಆಲನ್ ಕೀ ಸಲೀಸಾಗಿ ಓಡಾಡಿತು. ಗೆದ್ದೆ ಅಂದುಕೊಂಡೆ. ಮೇಲೆ ಹೇಳಿದ ಎರಡನೇ ಹ್ಯಾಂಗರ್ ಮುರಿದದ್ದು ಇದೇ ಟೈರಿನಲ್ಲಿ! ಮೂರು ದಿನ ತಲೆ ಕೆಟ್ಟುಹೋಯಿತು.

ಉತ್ತರ ಸಿಕ್ಕಿದ್ದು ಒಂದು ಹೆಂಟೆಯಲ್ಲಿ. ಹೊತ್ತು ತಂದ ಬೈಕನ್ನು ಬೇಜಾರಿಗೆ ತೊಳೆಯದೆ ಒಲೆಮನೆ ಪಕ್ಕ ಬಿಟ್ಟಿದ್ದೆ, ಮಣ್ಣು ಒಣಗಿ ಗಟ್ಟಿಯಾಗಿತ್ತು. ಚಕ್ರ ಬಿಚ್ಚಿ ಮೆಲ್ಲಗೆ ತಟ್ಟಿದರೆ ಪೆಡಲ್ ತಿರುಗುವ ಬುಡದ (ಬಿಬಿ) ಹಿಂದಿನಿಂದ ಇಡೀ ಹೆಂಟೆ ಅಚ್ಚಿನಿಂದ ಇಡ್ಲಿ ಎದ್ದ ಹಾಗೆ ಕೈಗೆ ಬಂತು. ಒಂದು ಬದಿಗೆ ಟೈರಿನ ಗುಬಟುಗಳ ಸಾಲು, ಎರಡು ಬದಿಗೆ ಚೈನ್‌ಸ್ಟೇ ಒರಗಿದ ನಯವಾದ ಗುರುತು. ಮೇಲೆ ಮಾತ್ರ ಮುಂದಿನ ಡಿರೇಲರ್‌ನ ಅಚ್ಚು, ಅದರ ಸ್ಕ್ರೂ ತಲೆ ಸಮೇತ! ಟೈರ್ ಮೇಲಿನಿಂದ ಸುತ್ತಿ ತಂದ ಮಣ್ಣನ್ನೆಲ್ಲ ಆ ಡಿರೇಲರ್ ಅಟ್ಟದ ಹಾಗೆ ತಡೆದು ನಿಲ್ಲಿಸುತ್ತಿತ್ತು. ಅಲ್ಲೇ ಗೋಡೆ ಬೆಳೆಯುತ್ತಿತ್ತು. ನಾನು ಪಕ್ಕದ ಸಂದು ಅಳೆಯುತ್ತಾ ಕೂತಿದ್ದೆ.

ಹಾಗಾದರೆ ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಹಾಕಿ ಆ ಡಿರೇಲರ್ ಕಿತ್ತೆಸೆಯಬಹುದಲ್ಲ? ಹಾಕಬಹುದು. ಆದರೆ ಏರಿಗೆ ಈಗಿರುವ ಮುಂದೆ 30 ಹಲ್ಲು, ಹಿಂದೆ 34 ಹಲ್ಲಿನ ಗೇರೇ ಸಾಲುತ್ತಿಲ್ಲ, ಅದನ್ನೂ ಕಳೆದುಕೊಳ್ಳಬೇಕು. ಜಲ್ಲಿ ಇಳಿಜಾರಿನಲ್ಲಿ 33ರ ಟೈರ್ ಹಲ್ಲು ಅಲ್ಲಾಡಿಸುತ್ತದೆ, ಅದು ಬೇರೆ ಕಥೆ. ಎಂಟಿಬಿಯಲ್ಲಿ ಮುಂದೆ 32 ಒಂದೇ, ಹಿಂದೆ 51ರವರೆಗೆ. ಅಟ್ಟವೇ ಇಲ್ಲ.

ಮೊದಲು ಗ್ರಾವೆಲ್ ಚಕ್ರವನ್ನೇ ಎಂಟಿಬಿಗೆ ಹಾಕುವ ಸೋಮಾರಿ ಯೋಚನೆ ಬಂತು. 700ಸಿ ಆಗಲಿ 29 ಇಂಚು ಆಗಲಿ ರಿಮ್ ಒಂದೇ ಅಳತೆ, 622 ಮಿಮೀ. ಆದರೆ ಹಿಂದಿನ ಹಬ್‌ನ ಅಗಲ ಒಂದರದು 142, ಇನ್ನೊಂದರದು 148. ಆರು ಮಿಲಿಮೀಟರಿಗೆ ಆಸೆ ಸತ್ತಿತು. ಕೊನೆಗೆ ಎಂಟಿಬಿಯ 2.25 ಟೈರ್ ತೆಗೆದು 2.0 ಇಂಚಿನ ಮಡ್ ಟೈರ್ ಏರಿಸಿದೆ. ಪಕ್ಕಕ್ಕೆ ಈಗ ನನ್ನ ಕಿರುಬೆರಳು ಹೋಗುತ್ತದೆ.

ನಿನ್ನೆ, ಮಳೆ ನಿಂತು ಸರಿಯಾಗಿ ಎರಡು ಗಂಟೆ ಬಿಟ್ಟು, ಬೇಕೆಂದೇ ಅದೇ ಸುತ್ತಿಗೆ ಇಳಿದೆ. ಮೂರು ಸುತ್ತು ಹೊಡೆದೆ. ಚಕ್ರ ಒಮ್ಮೆಯೂ ನಿಲ್ಲಲಿಲ್ಲ. ತಕ್ಕಡಿಯಲ್ಲಿ 14.3 ಕೆಜಿ. ರೈಟರ್ ಈ ಸಲ ತಾವೇ ಬಂದು ಮುಳ್ಳು ನೋಡಿದರು.

ಟಾರಿನಲ್ಲಿ ಇದು ನಿಧಾನ, ಗೊತ್ತು. ವೇಗ ತೀರಾ ಹೆಚ್ಚಾದರೆ ಕಾಲು ಹೊಲಿಗೆ ಮಿಷನ್ ಆಗುತ್ತದೆ, ಚಪ್ಪಟೆ ಹ್ಯಾಂಡಲ್‌ನಲ್ಲಿ ಮಣಿಕಟ್ಟು ಜೋಮು ಹಿಡಿಯುತ್ತದೆ. ಅದಕ್ಕೇ ರಾತ್ರಿ ನಿದ್ದೆ ಬಿಟ್ಟು ಇನ್ನೊಂದು ಯೋಜನೆ: ಇದೇ ಎಂಟಿಬಿಗೆ ಡ್ರಾಪ್ ಬಾರ್, ಅಂದರೆ ಕೆಳಕ್ಕೆ ಬಾಗಿದ ರೇಸ್ ಸೈಕಲ್ ಹ್ಯಾಂಡಲ್. ಹುಚ್ಚು ಅನ್ನಬೇಡಿ, ಅಮೆರಿಕದ ರೇಸರ್ ಜಾನ್ ಟೊಮ್ಯಾಕ್ 1990ರಲ್ಲೇ ಡ್ರಾಪ್ ಬಾರ್ ಹಾಕಿ ಎಂಟಿಬಿ ರೇಸ್ ಓಡಿಸಿದ್ದ. ತೊಡಕು ಒಂದೇ. ಡ್ರಾಪ್ ಬಾರ್‌ಗೆ ಕೂರುವ ರೋಡ್ ಶಿಫ್ಟರ್ (ಗೇರ್ ಬದಲಿಸುವ ಸನ್ನೆ) ಎಳೆಯುವ ಕೇಬಲ್ ಅಳತೆಗೂ ಎಂಟಿಬಿ ಡಿರೇಲರ್ ಕೇಳುವ ಅಳತೆಗೂ ಗಂಡ ಹೆಂಡತಿ ಜಗಳ. ಬಾರ್ ತುದಿಗೆ ಟಕ್ ಟಕ್ ಹಂತಗಳಿಲ್ಲದ ಹಳೇ ಫ್ರಿಕ್ಷನ್ ಶಿಫ್ಟರ್ ಕೂರಿಸುವ ಆಲೋಚನೆ ಇದೆ. ಯಾರ ಹತ್ತಿರವಾದರೂ ಜಂಕಿನಲ್ಲಿ ಇದ್ದರೆ ಹೇಳಿ.

ಅಡಿಕೆ ಹಾಳೆಯಲ್ಲಿ ಮಡ್‌ಗಾರ್ಡ್ ಮಾಡಿ ನೋಡಿದ್ದೆ, ಅದೇನಾಯಿತು ಎಂದು ಕೇಳಿದವರಿಗೆ: ಮಳೆಯಲ್ಲಿ ನೆನೆದು ಮೆತ್ತಗಾಯಿತು, ಚಹಾ ಕುಡಿಯಲು ನಿಲ್ಲಿಸಿದಾಗ ಹಸು ತಿಂದಿತು.

ಗ್ರಾವೆಲ್ ಬೈಕನ್ನು ಮಾರುವುದಿಲ್ಲ, ಬೇಸಿಗೆಗೆ ಬೇಕು. ಅದಕ್ಕೆ ಹ್ಯಾಂಗರ್ ಬೇಕು. ಆನ್‌ಲೈನ್ ಅಂಗಡಿಯೊಂದಕ್ಕೆ ಮುರಿದದ್ದರ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೂರು ಕೋನದಿಂದ ಕಳಿಸಿದ್ದೆ. "ಪಕ್ಕಾ ಇದೇ ಸರ್" ಅಂದರು. ಹದಿನೆಂಟು ದಿನ ಕಾದೆ. ಇದನ್ನು ಬರೆಯುತ್ತಿರುವಾಗ ಪಾರ್ಸೆಲ್ ಬಂತು. ಬಿಚ್ಚಿ ನೋಡಿದೆ. ಎರಡು ಸ್ಕ್ರೂ ತೂತು. ನನ್ನದಕ್ಕೆ ಇರುವುದು ಒಂದು.